ಒಂದೇ ಹಾಸಿನ ಚಪ್ಪರ

ಹರಿದ ಎಳೆಯ ಒಂದು ತುದಿಯನ್ನು ಎಡಗೈಯ ಕಿರುಬೆರಳಿಗೆ ಸುತ್ತಿಕೊಂಡು ರಾಚವ್ವ ಹಲ್ಲು ಕಚ್ಚಿದಳು. ಬಲಗೈ ಇನ್ನೊಂದು ತುದಿಗಾಗಿ ಗಾಳಿಯಲ್ಲಿ ತಡಕಾಡುತ್ತಿತ್ತು. ಅದು ಹಾವಿನ ಮರಿಯಂತೆ ಹೊರಳುತ್ತಿತ್ತು, ಸಿಕ್ಕಿತು ಅನ್ನುವಷ್ಟರಲ್ಲಿ ಜಾರುತ್ತಿತ್ತು.

"ಇನ್ನೂ ಎಷ್ಟೊತ್ತು?" ಇಪ್ಪತ್ತು ಮೀಟರ್ ಕೆಳಗೆ ಹಗ್ಗ ಹಿಡಿದು ನಿಂತಿದ್ದ ಹುಸೇನಿ ಕೂಗಿದಳು. "ಇಲ್ಲಿ ಬಿಸಿಲ ಬಿದ್ದೈತಿ. ಓಣಿ ಮಂದಿ ಗ್ವಾಡಿಗೆ ಹಲ್ಲಿ ಅಂಟಿದಂಗ ಅಂಟ್ಯಾರ."

"ನೀನೂ ಅಂಟ್ಕೋ. ಬಾಯಿ ಒಂದೀಟು ಮುಚ್ಚು."

ಸೀಳಿನಿಂದ ಸುರಿಯುತ್ತಿದ್ದ ಬೆಳಕು ಕಪ್ಪು ಕನ್ನಡಕವನ್ನೂ ತೂರಿ ಬರುತ್ತಿತ್ತು. ಕೆಳಗೆ ಮೂರನೇ ಓಣಿಯ ಮೇಲೆ ಅದು ಒಂದು ಮಾರು ಅಗಲದ ಬಿಳಿ ಪಟ್ಟಿಯಾಗಿ ಬಿದ್ದಿತ್ತು. ಯಾರೋ ಒಣಹಾಕಿದ್ದ ಮೆಣಸಿನಕಾಯಿ ಆ ಪಟ್ಟಿಯೊಳಗೆ ಸಿಕ್ಕು ಆಗಲೇ ಹೊಗೆಯಾಡುತ್ತಿತ್ತು, ಘಾಟು ಮೇಲಕ್ಕೆ ಬಂದು ರಾಚವ್ವನಿಗೆ ಕೆಮ್ಮು ತರಿಸಿತು. ಕೆಮ್ಮಿನ ನಡುವೆಯೇ ತುದಿ ಕೈಗೆ ಸಿಕ್ಕಿತು. ಅವಳು ಎರಡನ್ನೂ ಬಾಗಿಸಿ, ಒಂದರ ಕುಣಿಕೆಯಲ್ಲಿ ಇನ್ನೊಂದನ್ನು ತೂರಿಸಿ, ಉಗುರಿನಿಂದ ಒತ್ತಿ ಕೊಂಡಿ ಹಾಕಿದಳು. ಎಳೆಯಲ್ಲಿ ವಿದ್ಯುತ್ತಿನ ಹರಿವು ಕೂಡಿಕೊಂಡಿತು. ಅದರದೊಂದು ಪಾಲು ಇರುವೆ ಸಾಲಿನಂತೆ ಅವಳ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಓಡಿತು. ತಲೆಯ ಮೇಲೆ ಚಾಚಿದ್ದ ಚಪ್ಪರದ ಬಟ್ಟೆ ಬೂದುಬಣ್ಣಕ್ಕೆ ತಿರುಗಿತು. ಓಣಿಯ ಬಿಳಿ ಪಟ್ಟಿ ಆರಿತು.

ಕಂಬನೂರಿನಲ್ಲಿ ಇದು ದಿನದ ಕೆಲಸ. ಬಿಳಿಬಿಸಿಲು ಶುರುವಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಮೇಲಿನ ಗಾಳಿಯ ಯಾವುದೋ ಪದರ ಕೆಟ್ಟಿತೆಂದು ಪಾಠದ ಪುಸ್ತಕ ಹೇಳುತ್ತಿತ್ತು. ಹತ್ತು ನಿಮಿಷ ಬರಿಮೈಯಲ್ಲಿ ನಿಂತರೆ ಚರ್ಮ ಸುಲಿದುಬರುತ್ತದೆ ಎಂಬುದನ್ನು ಮಾತ್ರ ಜನ ಪುಸ್ತಕ ಓದದೆ ಕಲಿತಿದ್ದರು. ಊರಿನ ನೇಕಾರರು ಸೇರಿ, ಬತ್ತಿದ ಕೆರೆಯಂಗಳದಲ್ಲಿ ಮಗ್ಗ ಹೂಡಿ, ಹೊಸ ಬಗೆಯ ನೂಲಿನಿಂದ ಇಡೀ ಊರಿಗೆ ಒಂದು ಬಟ್ಟೆ ನೇಯ್ದರು. ಕೆಂಪು ಕಲ್ಲಿನ ಕಂಬಗಳ ಮೇಲೆ ಅದನ್ನು ಎಳೆದು ಕಟ್ಟಿದರು. ಕಡತದಲ್ಲಿ ಅದಕ್ಕೆ ಉದ್ದ ಹೆಸರಿತ್ತು, ಬಾಯಲ್ಲಿ ಮಾತ್ರ ಚಪ್ಪರ. ನೂಲಿನಲ್ಲಿ ವಿದ್ಯುತ್ತು ಹರಿಯುತ್ತಿರುವವರೆಗೆ ಬಟ್ಟೆ ಬಿಸಿಲನ್ನು ಮರಳಿ ಮೇಲಕ್ಕೆ ನೂಕುತ್ತದೆ. ಎಳೆ ಹರಿದರೆ ಆ ಪಟ್ಟಿ ಸಾಯುತ್ತದೆ. ಹರಿದದ್ದನ್ನು ಕೂಡಿಸಲು ಯಂತ್ರಗಳನ್ನು ತಂದು ನೋಡಿದ್ದರು. ಬಿಗಿ ಎಷ್ಟೆಂದು ಅವಕ್ಕೆ ತಿಳಿಯದೆ ಒಂದು ಎಳೆ ಕೂಡಿಸಲು ಹೋಗಿ ನಾಲ್ಕು ಹರಿದವು. ಕೈಗವಸು ಹಾಕಿದ ಕೈಗೂ ತಿಳಿಯಲಿಲ್ಲ. ಬರಿಗೈಯೇ ಆಗಬೇಕು, ಅದೂ ಎಳೆವಯಸ್ಸಿನ ಕೈ. ಹೀಗೆ ಹದಿನಾಲ್ಕರಿಂದ ಹತ್ತೊಂಬತ್ತರವರೆಗಿನವರು ಕೊಂಡಿಗಾರರಾದರು. ತೊಟ್ಟಿಲಿನಂಥ ಹಲಗೆಯಲ್ಲಿ ಕೂತು ಚಪ್ಪರದ ಹೊಟ್ಟೆಯ ಕೆಳಗೆ ತೂಗಾಡುತ್ತ ಅವರು ಕೊಂಡಿ ಹಾಕುತ್ತಿದ್ದರು. ಪ್ರತಿ ಕೊಂಡಿಯೂ ಬೆರಳಿನ ನರವನ್ನು ಒಂದಿಷ್ಟು ತಿನ್ನುತ್ತಿತ್ತು. ನಾಲ್ಕೈದು ವರ್ಷಕ್ಕೆ ಬೆರಳು ಸಾಯುತ್ತಿದ್ದವು. ಹುಸೇನಿಯ ಬೆರಳು ಹೋದ ವರ್ಷವೇ ಸತ್ತಿದ್ದವು, ಅದಕ್ಕೇ ಅವಳು ಈಗ ಹಗ್ಗ ಹಿಡಿಯುತ್ತಿದ್ದಳು. ಹದಿನೇಳರ ರಾಚವ್ವನ ಬೆರಳು ಇನ್ನೂ ಬದುಕಿದ್ದವು. ಊರಲ್ಲೇ ಚುರುಕಾದ ಕೈ ಅವಳದು.

ತೊಟ್ಟಿಲು ನೆಲ ಮುಟ್ಟಿದಾಗ ಕಿವಿಯ ಯಂತ್ರ ಗೊರಗೊರ ಎಂದಿತು. ಕಟಗೇರಿ ಸಾಹೇಬರು ಕರೆಯುತ್ತಿದ್ದಾರೆ, ಕೂಡಲೇ ಬರಬೇಕು.

ನಿಯಂತ್ರಣ ಕೋಣೆ ನಡುಗಂಬದ ಬುಡದಲ್ಲಿತ್ತು. ಸೀರೆಯಂತೆ ಚಪ್ಪರಕ್ಕೂ ಒಡಲು, ಸೆರಗು ಎಂಬ ಎರಡು ಭಾಗವಿತ್ತು, ಸೆರಗು ಶುರುವಾಗುವುದೇ ಅಲ್ಲಿಂದ. ಸೆರಗಿನ ಕೆಳಗೆ ಕಾಲಿಟ್ಟ ಕೂಡಲೇ ರಾಚವ್ವನ ಬೆವರು ಬೆನ್ನಿನಲ್ಲೇ ತಣ್ಣಗಾಯಿತು. ಒಡಲಿನ ಓಣಿಗಳಲ್ಲಿ ಮೂವತ್ತೆಂಟು ಡಿಗ್ರಿ, ಇಲ್ಲಿ ಇಪ್ಪತ್ನಾಲ್ಕು. ದವಾಖಾನೆ, ಬೀಜದ ಉಗ್ರಾಣ, ಅಧಿಕಾರಿಗಳ ಮನೆಗಳು ಎಲ್ಲ ಈ ಸೆರಗಿನ ಕೆಳಗೆ ಇದ್ದವು.

ಮುಖ್ಯ ಇಂಜಿನಿಯರ್ ವಾದಿರಾಜ ಕಟಗೇರಿ ತಾವೇ ಎದ್ದು ನಿಂಬೆಹಣ್ಣಿನ ಶರಬತ್ತು ಕೊಟ್ಟರು. ಅದನ್ನು ನೋಡಿಯೇ ರಾಚವ್ವನಿಗೆ ಕೆಟ್ಟ ಸುದ್ದಿ ಇದೆ ಎಂದು ಗೊತ್ತಾಯಿತು.

"ಕೂಡು, ತಂಗಿ. ಬ್ಯಾಟರಿ ಮುದಿ ಆಗ್ಯಾವ. ಈ ಬ್ಯಾಸಗಿ ಪೂರಾ ಚಪ್ಪರಕ್ಕ ಸಾಲೂದಿಲ್ಲ." ಅವರು ಗೋಡೆಯ ಪರದೆಯತ್ತ ಕೈ ತೋರಿದರು. ಚಪ್ಪರದ ನಕ್ಷೆ ಅಲ್ಲಿ ಎರಡು ಬಣ್ಣದಲ್ಲಿ ಬಿಡಿಸಿಕೊಂಡಿತ್ತು. "ಹನ್ನೊಂದೇ ದಿನ ಒಡಲನ್ನ ಬಿಡಿಸಿ ಇಡಬೇಕು ಅಂತ ಮಾಡೀವಿ. ಬಿಸಿ ಇಳಿದ ಮ್ಯಾಲೆ ಮತ್ತ ಕೂಡಿಸೋದು. ಒಡಲಿನ ಮಂದಿ ಅಷ್ಟು ದಿನ ಕಲ್ಲು ತೆಗೆದ ಹಳೇ ಕಣಿಯೊಳಗ ಇರ್ತಾರ."

"ಕಣಿಯಾಗ ಎಂಟನೂರು ಮಂದಿ ಹಿಡೀತಾರ್ರಿ. ನಾವು ಆರು ಸಾವಿರ ಅದೀವಿ."

"ಉಳಿದವರು ಗೋಡಿ ದಪ್ಪ ಇರೋ ಮನಿಯೊಳಗ ಇರ್ತಾರ. ಪಟ್ಟಿ ಮಾಡ್ಲಿಕ್ಕೆ ಹತ್ತೇವಿ."

"ಎರಡಕ್ಕೂ ಸಮ ಹಂಚಿದ್ರ?"

"ಇಲ್ಲೆ ಮೂವತ್ತಾರಕ್ಕ ಏರ್ತದ."

"ನಾವು ಮೂವತ್ತೆಂಟರಾಗs ಅದೀವಲ್ರಿ."

ಕಟಗೇರಿ ಕನ್ನಡಕ ತೆಗೆದು ಒರೆಸಿದರು. "ದವಾಖಾನಿ ಅದ, ಬೀಜ ಅದ. ಅದು ನೀ ವಿಚಾರ ಮಾಡೂದಲ್ಲ."

"ಹನ್ನೊಂದ ದಿನ ಹರಿವು ಇಲ್ಲದs ಇದ್ರ ನೂಲು ಮೆತ್ತಗ ಉಳಿತೈತೇನ್ರಿ?"

"ಉಳೀತದ," ಎಂದರು ಅವರು, ಪರದೆಗೆ.

ಒಡಲನ್ನೂ ಸೆರಗನ್ನೂ ಕೂಡಿಸುವ ಸಾಲಿನಲ್ಲಿ ಎರಡು ಸಾವಿರದ ನಾನೂರು ಕೊಂಡಿಗಳಿದ್ದವು. ಎಷ್ಟು ಹರಿವು ಎತ್ತ ಹೋಗಬೇಕೆಂದು ತೀರ್ಮಾನಿಸುವ ಒಂದು ತೂಬಿನ ಪೆಟ್ಟಿಗೆ ಆ ಸಾಲಿಗೆ ಹೊಂದಿಕೊಂಡಿತ್ತು, ಅದರ ತಿರುಪು ಈ ಕೋಣೆಯಲ್ಲಿತ್ತು. ತೂಬಿಗೆ ಹರಿವನ್ನು ಹೆಚ್ಚುಕಡಿಮೆ ಮಾಡಲು ಬರುತ್ತಿತ್ತೇ ಹೊರತು ಪೂರ್ತಿ ನಿಲ್ಲಿಸಲು ಬರುತ್ತಿರಲಿಲ್ಲ. ಕತ್ತರಿ ಹಾಕಿದರೆ ಇಡೀ ಹರಿವು ಉಳಿದ ಎಳೆಗಳ ಮೇಲೆ ಮುಗಿಬಿದ್ದು ಸೆರಗೇ ಸುಟ್ಟುಹೋಗುತ್ತಿತ್ತು. ಒಂದೊಂದಾಗಿ ಬೆರಳಿನಿಂದಲೇ ಬಿಡಿಸಬೇಕು. ರಾಚವ್ವ ಮುಂದೆ ನಿಂತು ಮಾಡಿಸಿದರೆ ಅವಳಿಗೂ ಅವಳ ತಾಯಿಗೂ ಸೆರಗಿನಲ್ಲಿ ಮನೆ. ಆಗುವುದಿಲ್ಲ ಎಂದರೆ ಬೇರೆ ಹನ್ನೆರಡು ಹುಡುಗಿಯರ ಹೆಸರು ಮೇಜಿನ ಮೇಲಿತ್ತು. ಕಟಗೇರಿ ಬೆದರಿಸಲಿಲ್ಲ. ಹಾಳೆಯನ್ನು ಅವಳಿಗೆ ಕಾಣುವಂತೆ ಸ್ವಲ್ಪ ತಿರುಗಿಸಿದರು, ಅಷ್ಟೆ.

ರಾಚವ್ವ ಶರಬತ್ತು ಮುಟ್ಟದೆ ಎದ್ದಳು. "ಆಗ್ಲಿ ಬಿಡ್ರಿ. ನಾಳೆ ಹೊತ್ತು ಹುಟ್ಟೂದಕ್ಕ ಏರತೀನಿ. ನನ್ನ ಹಿಂದ ಯಾರೂ ಬರೂದು ಬ್ಯಾಡ, ಮದಲ ನಾ ಒಬ್ಬಾಕಿ ನೋಡತೀನಿ."

ಮನೆಯಲ್ಲಿ ಅವಳ ತಾಯಿ ಸಂಗವ್ವ ರೊಟ್ಟಿ ಸುಡುತ್ತಿದ್ದಳು. ರಾಚವ್ವ ಒಳಗೆ ಬಂದವಳೇ ಹಾರಿ ಅವಳ ಕೈ ಹಿಡಿದು ಹಂಚಿನಿಂದ ಈಚೆ ಎಳೆದಳು. ಎರಡು ಬೆರಳು ಕೆಂಪಾಗಿ ಬೊಬ್ಬೆ ಏಳುತ್ತಿದ್ದವು. ಚಪ್ಪರಕ್ಕೆ ಮೊದಲ ಕೊಂಡಿಗಳನ್ನು ಹಾಕಿದವರಲ್ಲಿ ಸಂಗವ್ವ ಒಬ್ಬಳು, ಅವಳ ಬೆರಳು ಆಗಲೇ ಸತ್ತಿದ್ದವು.

"ಹೌದಲ್ಲ," ಎಂದಳು ಸಂಗವ್ವ, ಬೇರೆ ಯಾರದೋ ಕೈ ನೋಡುವಂತೆ ನೋಡಿಕೊಂಡು. "ರೊಟ್ಟಿ ಸೀದ ವಾಸನಿ ಬರಾಕತ್ತೈತಿ ಅನಕೊಂಡ್ನಿ. ನಾನs ಸೀಯಾಕತ್ತಿದ್ನೇನು."

ಬೊಬ್ಬೆಗೆ ಎಣ್ಣೆ ಸವರುತ್ತ ರಾಚವ್ವ ಎಲ್ಲವನ್ನೂ ಹೇಳಿದಳು. ಸಂಗವ್ವ ಎದ್ದು ಗೂಡಿನಿಂದ ಒಂದು ಡಬ್ಬಿ ತಂದು ಮಗಳ ಮುಂದೆ ಸುರಿದಳು. ಚಪ್ಪರ ನೇಯುವಾಗ ಹರಿವು ಹಾಯಿಸಿ ನೋಡಿ ಬಿಟ್ಟ ನೂಲಿನ ಚೂರುಗಳು. ರಾಚವ್ವ ಒಂದನ್ನು ಮುಟ್ಟಿದಳು, ಅದು ಒಣಗಿದ ಸಂಡಿಗೆಯಂತೆ ಪುಡಿಯಾಯಿತು.

"ಹರಿವು ನಿಂತ ಹತ್ತು ನಿಮಿಷಕ್ಕ ಹಿಂಗ ಆಗತೈತಿ," ಎಂದಳು ಸಂಗವ್ವ. "ಅದಕ್ಕs ಹತ್ತೊಂಬತ್ತು ವರ್ಷ ಒಮ್ಮೆನೂ ಆರ್ಸಿಲ್ಲ. ಹನ್ನೊಂದ ದಿನ ಅಲ್ಲ, ಹನ್ನೊಂದ ನಿಮಿಷಕ್ಕ ಒಡಲು ಉದುರಿ ಬೀಳತೈತಿ. ಕಟಗೇರಿಗೆ ಇದು ಗೊತ್ತಿಲ್ಲಂತ ತಿಳೀಬ್ಯಾಡ."

"ತಿಳದಿಲ್ಲ."

"ತಪ್ಪು ನಮ್ಮದs ಐತಿ, ರಾಚಿ."

ರಾಚವ್ವ ತಲೆಯೆತ್ತಿದಳು. ತಾಯಿ ಈ ಮಾತನ್ನು ಯಾವತ್ತೂ ಆಡಿರಲಿಲ್ಲ.

"ಸಾಹೇಬರ ನಕ್ಷೆದಾಗ ಸೆರಗs ಇರ್ಲಿಲ್ಲ. ಒಂದs ಹಾಸು, ಉದ್ದನ ಎಳಿಯೆಲ್ಲಾ ಈ ತುದಿಯಿಂದ ಆ ತುದಿತನಾ, ಹಿಂಗ ಬರದು ಕೊಟ್ಟಿದ್ರು. ಆದ್ರ ಮುನ್ನೂರು ಮಂದಿ ಸೀರಿ ನೇಯವರು ಕುಂತಿದ್ವಿ. ಸೆರಗಿಲ್ಲದ ಅರಿವಿ ಮಗ್ಗದಿಂದ ಹೆಂಗ ಇಳಸೂದು? ಅದು ಹೆಣದ ಬಟ್ಟಿ ಅಂದ್ರು ಹಿರ‍್ಯಾರು. ಯಾರಿಗೂ ಹೇಳದs ಕಡೀ ಭಾಗಕ್ಕ ಬ್ಯಾರೆ ಹಾಸು ಹೂಡಿದ್ವಿ. ಇದ್ದದ್ರಾಗ ಚಲೋ ನೂಲೆಲ್ಲಾ ಅದಕ್ಕ ಹಾಕಿದ್ವಿ. ಇಲ್ಲಿ ಸೀರಿಗೆ ಹೆಂಗ ಸೆರಗು ಕೂಡಸ್ತೀವೋ ಹಂಗs ಕೊಂಡಿ ಹಾಕಿ ಕೂಡಿಸಿದ್ವಿ. ಅವತ್ತು ಓಣಿಗೆಲ್ಲಾ ಸಕ್ಕರಿ ಹಂಚೀವಿ, ಗೊತ್ತೇನು." ಸಂಗವ್ವ ಪುಡಿಯಾದ ನೂಲನ್ನು ಅಂಗೈಯಿಂದ ಒಂದೆಡೆ ಗುಡಿಸಿದಳು. "ಆಮ್ಯಾಲ ನೋಡಿದ್ರ ಸೆರಗಿನ ಕೆಳಗ ತಂಪು ಹೆಚ್ಚು. ಅಧಿಕಾರಿಗಳು ಒಬ್ಬೊಬ್ಬರಾಗಿ ಅಲ್ಲಿ ಮನಿ ಕಟ್ಟಿದ್ರು. ಕೂಡಿಸಿದ ಜಾಗಾದಾಗ ತೂಬು ಇಟ್ರು. ಬಿಡಿಸಾಕ ಬರೋ ಜಾಗಾ ನಾವs ಮಾಡಿ ಕೊಟ್ಟಿದ್ವಿ."

ಒಲೆಯ ಮೇಲೆ ಹಂಚು ಖಾಲಿ ಕಾಯುತ್ತಿತ್ತು. ರಾಚವ್ವ ಅದನ್ನು ಇಳಿಸಿದಳು.

"ಹಂಗಂದ್ರ ಒಂದs ಹಾಸು ಮಾಡಬೇಕು," ಎಂದಳು. "ಒಡಲಿನ ಎಳಿ ಸೆರಗಿನ ಎಳಿಗೆ ನೇರ ಕಟ್ಟಿಬಿಟ್ರ ತೂಬಿಗೆ ಏನೂ ಕೆಲಸ ಉಳಿಯಂಗಿಲ್ಲ. ಹರಿವು ತಂತಾನs ಸಮ ಹರಿತೈತಿ."

"ಎರಡು ಸಾವಿರದ ನಾನೂರು." ಸಂಗವ್ವ ಮಗಳ ಬೆರಳುಗಳನ್ನು ನೋಡಿದಳು. "ದಿನಕ್ಕ ಹತ್ತು ಕಟ್ಟಿದ್ರ ಸಂಜಿತನಾ ಚಿವುಟಿದ್ರೂ ಗೊತ್ತಾಗೂದಿಲ್ಲ ನಿನಗ."

"ಗೊತ್ತೈತಿ."

"ನಿನ್ನ ತಲಿ ಯಾರು ಹಿಕ್ಕತಾರ? ನನ್ನ ಕೈ ಹಿಂಗ."

"ಬೋಳಿಸ್ಕೊಂಡ್ರಾತು."

ಸಂಗವ್ವ ಎರಡು ರೊಟ್ಟಿಯನ್ನು ಮಗಳ ತಟ್ಟೆಗೆ ಹಾಕಿದಳು, ಅವಳು ತಿನ್ನುವುದನ್ನೇ ನೋಡುತ್ತ ಕೂತಳು. ಎರಡನೇ ರೊಟ್ಟಿ ಮುಗಿಯುವ ಹೊತ್ತಿಗೆ, ಮಗ್ಗದ ಮುಂದೆ ಕೂತು ಕಲಿಸುತ್ತಿದ್ದ ಹಳೆಯ ಧ್ವನಿಯಲ್ಲಿ, "ಸಾಲಾಗಿ ಕಟ್ಟಬ್ಯಾಡ," ಎಂದಳು. "ಸಾಲಾಗಿ ಕಟ್ಟಿದ್ದನ್ನ ಯಾವ ಹುಡುಗಿ ಬೇಕಾದ್ರೂ ಸಾಲಾಗಿ ಬಿಚ್ಚತಾಳ. ನಿನ್ನ ಕೈ ಹೆಂಗ ಹೇಳತೈತೋ ಹಂಗ ಹಾರಿ ಹಾರಿ ಕಟ್ಟು. ಒಂದರ ಬಿಗಿ ಇನ್ನೊಂದರ ಮ್ಯಾಲ ಕುಂದ್ರಂಗ. ಹಿಂದ ಮುಂದ ಬಿಚ್ಚಿದ್ರ ಸುಟ್ಟು ಹೋಗಬೇಕು. ಕಟ್ಟಿದಾಕಿ ಬೆರಳಿಗೆ ಬಿಟ್ರ ಯಾರಿಗೂ ಅದರ ಜಾಡು ಸಿಗಬಾರದು."

ಮರುದಿನ ಹೊತ್ತು ಮೂಡುವಾಗ ಹುಸೇನಿ ನಡುಗಂಬದ ಹತ್ತಿರ ಹಗ್ಗ ಹಿಡಿದು ನಿಂತಿದ್ದಳು. ರಾಚವ್ವ ಅವಳಿಗೆ ಎರಡೇ ಮಾತಿನಲ್ಲಿ ಹೇಳಿದಳು. ಹುಸೇನಿ ಕೇಳಿಸಿಕೊಂಡು, ನೆಲದ ಮೇಲೆ ಉಗುಳಿದಳು.

"ನನ್ನ ಬೆರಳು ಇದ್ದಿದ್ರ ಅರ್ಧ ನಾ ಕಟ್ಟತಿದ್ನಿ."

"ನೀ ಕಟ್ಟಿದ್ದು ಮೂರು ದಿನಕ್ಕ ಬಿಚ್ಚತಿತ್ತು ಬಿಡು."

"ಏರು, ಏರು. ಮಾತು ಭಾಳ ಆತು ನಿಂದು."

ಮೇಲೆ ಮುಟ್ಟಿದ ಕೂಡಲೇ ರಾಚವ್ವ ತೊಟ್ಟಿಲನ್ನು ತಂತಿಗೆ ಬಿಗಿದಳು. ಆಮೇಲೆ ಹಗ್ಗವನ್ನು ಕೈಮೇಲೆ ಕೈ ಹಾಕಿ ಮೇಲಕ್ಕೆ ಎಳೆದುಕೊಂಡು ಕಾಲ ಬಳಿ ಸುರುಳಿ ಸುತ್ತಿದಳು. ಇನ್ನು ಅವಳನ್ನು ಕೆಳಗಿಳಿಸುವುದು ಯಾರಿಗೂ ಸಾಧ್ಯವಿರಲಿಲ್ಲ.

ಮೊದಲ ನೂರು ಕೊಂಡಿ ಸಲೀಸಾಗಿ ಬಿದ್ದವು. ಬೆರಳ ತುದಿ ಜುಮ್ಮೆಂದಿತು, ಆಮೇಲೆ ಉರಿಯಿತು, ಆಮೇಲೆ ಉರಿ ನಿಂತಿತು. ನಾನೂರಕ್ಕೆ ಮೊದಲ ಗೆಣ್ಣುಗಳು ಹೋದವು. ಅವಳು ಎರಡನೇ ಗೆಣ್ಣಿನಿಂದ ಬಿಗಿ ನೋಡಲು ಕಲಿತಳು. ತಾಯಿ ಹೇಳಿದಂತೆ ಇಲ್ಲೊಂದು, ಅಲ್ಲೊಂದು, ಮತ್ತೆ ಹಿಂದಕ್ಕೆ ಬಂದು ಇನ್ನೊಂದು. ಯಾವ ಎಳೆ ಕರೆಯುತ್ತದೆಯೋ ಅದಕ್ಕೆ ಕೈ ಹೋಗುತ್ತಿತ್ತು.

ಏಳುನೂರು ದಾಟಿದಾಗ ಕಿವಿಯಲ್ಲಿ ಕಟಗೇರಿಯವರ ಧ್ವನಿ ಬಂತು. "ತಂಗಿ, ಇಲ್ಲೆ ಅಂಕಿ ತಪ್ಪು ತೋರಿಸ್ಲಿಕ್ಕೆ ಹತ್ಯಾವ. ಸೆರಗು ಇಪ್ಪತ್ತೇಳಕ್ಕ ಬಂದದ."

"ತಪ್ಪಲ್ರಿ. ಸರಿ ಐತಿ."

ಆಮೇಲೆ ಕೆಳಗೆ ಓಡಾಟ ಶುರುವಾಯಿತು. ಕಾವಲಿನವರು ಬಂದರು. ಹಗ್ಗ ಹುಡುಕಿದರು, ಇಲ್ಲ. ಬೇರೆ ತೊಟ್ಟಿಲು ಏರಿಸಿ ಎಂದು ಹನ್ನೆರಡು ಹುಡುಗಿಯರನ್ನು ಕರೆತಂದರು. ಹುಡುಗಿಯರು ಬಂದರು, ತಲೆಯೆತ್ತಿ ನೋಡಿದರು, ಹುಸೇನಿಯ ಪಕ್ಕದಲ್ಲಿ ಒಬ್ಬೊಬ್ಬರಾಗಿ ನೆಲದ ಮೇಲೆ ಕೂತರು. ಹಾಗೆ ಕೂತವರನ್ನು ಎಬ್ಬಿಸುವುದು ಕಾವಲಿನವರಿಂದ ಆಗಲಿಲ್ಲ, ಎಬ್ಬಿಸಿದವಳು ಕೈ ಬಿಟ್ಟ ಕೂಡಲೇ ಮತ್ತೆ ಕೂರುತ್ತಿದ್ದಳು.

"ರಾಚವ್ವ, ಇಳಿ." ಕಟಗೇರಿಯವರ ಧ್ವನಿ ಈಗ ದಣಿದಿತ್ತು. "ಇಲ್ಲಾಂದ್ರ ತೂಬು ಪೂರಾ ತೆಗೀಬೇಕಾಗ್ತದ. ನಿನ್ನ ಕೈಯೊಳಗ ಹಾದು ಹೋಗೂ ಹರಿವು ಮೂರು ಪಟ್ಟು ಆಗ್ತದ. ನನಗ ಮನಸ್ಸಿಲ್ಲ, ಖರೇ ಹೇಳ್ತೀನಿ."

"ಮನಸ್ಸಿಲ್ಲಂದ್ರ ತಗೀಬ್ಯಾಡ್ರಿ."

ಅವರು ತೆಗೆದರು.

ಮೊದಲ ಹೊಡೆತಕ್ಕೆ ಅವಳ ದವಡೆ ಕಚ್ಚಿಕೊಂಡು ನಾಲಿಗೆಯಲ್ಲಿ ರಕ್ತ ಬಂತು. ತೊಟ್ಟಿಲು ಪಕ್ಕಕ್ಕೆ ವಾಲಿತು. ಅವಳು ಕಿವಿಯ ಯಂತ್ರವನ್ನು ಭುಜಕ್ಕೆ ಉಜ್ಜಿ ಕೆಳಗೆ ಬೀಳಿಸಿದಳು. ಮೊಣಕಾಲುಗಳ ನಡುವೆ ಹಲಗೆಯನ್ನು ಒತ್ತಿಹಿಡಿದು ಮತ್ತೊಂದು ಎಳೆ ಹಿಡಿದಳು. ಸಾವಿರದ ಇನ್ನೂರು. ಅಂಗೈ ಹೋಯಿತು. ಎಳೆ ಎಲ್ಲಿದೆ ಎಂದು ಕೈಗೆ ತಿಳಿಯದಾದಾಗ ಕಣ್ಣಿನಿಂದ ನೋಡಿದಳು, ಕನ್ನಡಕ ಅಡ್ಡವಾದಾಗ ಅದನ್ನೂ ತೆಗೆದಳು. ಕುಣಿಕೆ ಬಾಗಿಸಲು ಹಲ್ಲು ಬಳಸಿದಳು. ಸಾವಿರದ ಎಂಟುನೂರಕ್ಕೆ ಮೊಣಕೈವರೆಗೆ ತನ್ನದು ಎಂಬುದೇನೂ ಉಳಿದಿರಲಿಲ್ಲ. ಆದರೂ ಆ ಕೈಗಳು ಕೆಲಸ ಮರೆತಿರಲಿಲ್ಲ. ಮೂರು ವರ್ಷ ಮಾಡಿದ್ದನ್ನು ಅವು ತಮ್ಮಷ್ಟಕ್ಕೆ ಮಾಡುತ್ತಿದ್ದವು, ಅವಳು ಹೇಳುವುದೊಂದೇ ಸಾಕಿತ್ತು. ಅವಳು ಹೇಳುತ್ತ ಹೋದಳು. ಇದು. ಈಗ ಇದು. ಈಗ ಅದು.

ಮಧ್ಯಾಹ್ನ ಎರಡಕ್ಕೆ ಕಡೆಯ ಕೊಂಡಿ ಬಿತ್ತು. ಚಪ್ಪರದ ಮೇಲೆ ಒಂದು ಅಲೆ ಈ ತುದಿಯಿಂದ ಆ ತುದಿಗೆ ಹೋಯಿತು. ಸೆರಗಿನ ಕಡುನೀಲಿ ತಿಳಿಯಾಯಿತು, ಒಡಲಿನ ಮಾಸಲು ಬೂದು ಗಾಢವಾಯಿತು, ಕೂಡಿದ ಗೆರೆ ಎಲ್ಲಿತ್ತೆಂದು ಕಾಣದಂತಾಯಿತು. ಮೂರನೇ ಓಣಿಯಲ್ಲಿ ಯಾರೋ ಹೆಂಗಸು, "ಗಾಳಿ ಬಿಟ್ಟಿತೇನು?" ಎಂದು ಪಕ್ಕದ ಮನೆಯವಳನ್ನು ಕೇಳಿದಳಂತೆ. ಹಗ್ಗ ಇಳಿಬಿಡಲು ರಾಚವ್ವನ ಕೈ ಒಪ್ಪಲಿಲ್ಲ. ಕಾಲಿನಿಂದ ಒದ್ದು ಕೆಳಗೆ ಹಾಕಿದಳು.

ಅವಳನ್ನು ಯಾರೂ ಸೆರೆಗೆ ಹಾಕಲಿಲ್ಲ. ಆರು ಸಾವಿರ ಜನ ಓಣಿಗಳಿಂದ ಹೊರಗೆ ಬಂದು ದವಾಖಾನೆಯ ಸುತ್ತ ಕೂತಿದ್ದಾಗ ಅದು ಸುಲಭವಿರಲಿಲ್ಲ. ಇಪ್ಪತ್ತು ದಿನ ಕಳೆದು ಕಟಗೇರಿ ಅವಳ ಹಾಸಿಗೆಯ ಬಳಿ ಬಂದಾಗ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಸಂಗವ್ವ ಮಗಳಿಗೆ ಅಂಬಲಿ ಕುಡಿಸುತ್ತಿದ್ದಳು. ಬಟ್ಟಲು ಬಿಸಿಯೋ ತಣ್ಣಗೋ ಎಂದು ಇಬ್ಬರಿಗೂ ಕೈಯಲ್ಲಿ ತಿಳಿಯುತ್ತಿರಲಿಲ್ಲವಾದ್ದರಿಂದ ಮೊದಲು ತಾನು ತುಟಿಗೆ ತಾಗಿಸಿ ನೋಡುತ್ತಿದ್ದಳು.

"ಮೂವತ್ತಾರೂವರಿ," ಎಂದು ಕಟಗೇರಿ ಕುರ್ಚಿ ಎಳೆದು ಕೂತರು. "ಈ ದವಾಖಾನಿಯೊಳಗ ಇಬ್ಬರು ತೀರಿಕೊಂಡ್ರು, ಗೊತ್ತದನು?"

"ಗೊತ್ತೈತ್ರಿ. ಶಿವಗಂಗಮ್ಮ ಒಬ್ಬಾಕಿ, ಇನ್ನೊಬ್ಬರು ಬೀಜದ ಮಾಸ್ತರು. ಕೇಳಿ ತಿಳಕೊಂಡೀನಿ." ರಾಚವ್ವ ಬಟ್ಟಲಿನಿಂದ ಮುಖ ಈಚೆ ತಿರುಗಿಸಿದಳು. "ರೋಗಸ್ಥರನ್ನ ಕಲ್ಲಿನ ಕಣಿಗೆ ಒಯ್ಯಿರಿ. ಅಲ್ಲಿ ತಂಪೈತಿ, ಎಂಟನೂರು ಮಂದಿ ಹಿಡೀತಾರ, ನಮ್ಮನ್ನ ಇಡಾಕ ನೀವs ತೋರಿಸಿದ ಜಾಗಾ ಅದು."

ಆ ಕಣಿಗೆ ಸೆರಗಿನವರೂ ಹೋಗಬಹುದೆಂದು ಕಟಗೇರಿಯವರಿಗೆ ಹೊಳೆದೇ ಇರಲಿಲ್ಲ.

"ಅದು ನೋಡೋಣ," ಎಂದರು ಕಡೆಗೆ. "ನಾ ಬಂದದ್ದು ಬ್ಯಾರೆ ಮಾತಿಗೆ. ಒಂದು ಔಷಧ ಅದ. ನರ ಮತ್ತ ಚಿಗುರೂ ಹಂಗ ಮಾಡ್ತದ. ಎರಡು ತಿಂಗಳು ಸೂಜಿ ಹಾಕಿದ್ರ ನಿನ್ನ ಕೈ ಮೊದಲಿನಂಗ ಆಗ್ತಾವ."

ಸಂಗವ್ವನ ಕೈಯಲ್ಲಿದ್ದ ಬಟ್ಟಲು ವಾಲಿ ಅಂಬಲಿ ಹೊದಿಕೆಯ ಮೇಲೆ ಚೆಲ್ಲಿತು.

"ಎಷ್ಟು ದಿನದಿಂದ ಐತ್ರಿ ಅದು?" ರಾಚವ್ವ ಕೇಳಿದಳು.

"ನಾಕು ವರ್ಷ." ಅವರು ಸುಳ್ಳು ಹೇಳಲಿಲ್ಲ. "ಎಲ್ಲಾರಿಗೂ ಸಾಲೂವಷ್ಟು ಇರ್ಲಿಲ್ಲ. ಈಗ ಇಬ್ಬರಿಗೆ ಆಗೂವಷ್ಟು ಅದ. ನಿಮ್ಮ ತಾಯಿಯವರಿಗೂ ಕೊಡ್ತೀವಿ."

ಹಾಸಿಗೆಯ ಆಚೆ ಬದಿ ಸಂಗವ್ವ ತನ್ನ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕೂತಿದ್ದಳು. ಬೊಬ್ಬೆ ಒಣಗಿ ಕಪ್ಪಾಗಿತ್ತು. ಅವಳು ಮಗಳ ಮುಖ ನೋಡಲಿಲ್ಲ, ನೋಡಿದರೆ ಅದೇ ಒಂದು ಬೇಡಿಕೆಯಾದೀತೆಂದು ಕಿಟಕಿಯ ಕಡೆ ತಿರುಗಿದ್ದಳು. ರಾಚವ್ವನಿಗೆ ಅದು ಕಂಡಿತು.

"ಅದರ ಬದ್ಲಿ ನಾ ಏನ ಮಾಡಬೇಕ್ರಿ?"

"ಭಾಳ ಇಲ್ಲ. ಒಂದು ನೂರು ಕೊಂಡಿ. ಈ ದವಾಖಾನಿ ಮ್ಯಾಲಿನವು ಮಾತ್ರ. ಅಷ್ಟು ಬಿಚ್ಚಿ ಕೊಟ್ರ ಇಲ್ಲಿಷ್ಟಕ್ಕ ಒಂದು ಸಣ್ಣ ತೂಬು ಇಡ್ತೀವಿ. ನಮ್ಮ ಹುಡುಗ್ಯಾರಿಗೆ ಹೇಳಿ ನೋಡಿದ್ವಿ, ಅವರಿಗೆ ಎಲ್ಲಿಂದ ಶುರು ಮಾಡೂದು ಅಂತನೂ ತಿಳೀವಲ್ದು. ಕಟ್ಟಿದ ಬೆರಳಿಗೇ ಅದು ಗೊತ್ತಾಗೂದಂತ." ಅವರು ಮುಂದಕ್ಕೆ ಬಾಗಿದರು. ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು. "ನೀ ಹದಿನೇಳು ವರ್ಷದಾಕಿ. ಇನ್ನ ಐವತ್ತು ವರ್ಷ ಉಣ್ಣಬೇಕು, ಉಡಬೇಕು. ಕೈ ಕೊಡ್ಲಿಕ್ಕೆ ಬಂದೀನಿ, ರಾಚವ್ವ. ಮತ್ತೇನೂ ಅಲ್ಲ."

ಅವಳು ತನ್ನ ಎರಡು ಕೈಗಳನ್ನು ನೋಡಿದಳು. ಹೊದಿಕೆಯ ಮೇಲೆ ಅವನ್ನು ಯಾರೋ ಮರೆತು ಬಿಟ್ಟುಹೋದಂತೆ ಬಿದ್ದಿದ್ದವು. ಚೆಲ್ಲಿದ ಅಂಬಲಿ ಒಂದರ ಕೆಳಗೆ ಹರಿದು ಬೆರಳುಗಳ ಸಂದಿಯಲ್ಲಿ ನಿಂತಿತ್ತು. ಇವು ಹೀಗೆ ಬಿದ್ದಿರುವವರೆಗೆ ಆ ಕೊಂಡಿಗಳನ್ನು ಬಿಚ್ಚುವ ಕೈ ಊರಲ್ಲಿ ಇಲ್ಲ. ಇವು ಎದ್ದರೆ ಇವತ್ತು ನೂರು ಕೇಳುತ್ತಾರೆ, ಬರುವ ಬೇಸಗೆಗೆ ಮತ್ತೆ ಬರುತ್ತಾರೆ. ಆಗ ಶರಬತ್ತು ಇರುವುದಿಲ್ಲ.

"ಬ್ಯಾಡ್ರಿ," ಎಂದಳು.

"ವಿಚಾರ ಮಾಡು. ನೂರು ಕೊಂಡಿ ಬ್ಯಾಡ ಅಂದ್ರ ಐವತ್ತು ಬಿಚ್ಚು."

"ಕೊಂಡಿ ಮಾತಲ್ರಿ ನಾ ಅಂದಿದ್ದು," ಎಂದಳು ರಾಚವ್ವ. "ನನಗ ಕೈ ಬ್ಯಾಡ."